ಏಳು ಲಕ್ಷ ಎಂಬತ್ತಾರು ಸಾವಿರದ ಏಳುನೂರ ಎಂಬತ್ತಾರು

ಆ ಬಸ್ ಟಿಕೀಟು ಈಗಲೂ ಅಮ್ಮಿಯ ಟ್ರಂಕಿನಲ್ಲಿದೆ. ನನ್ನ ಕೈಗೆ ಸಿಕ್ಕಿದ್ದರೆ ಎಂದೋ ಒಲೆಗೆ ಹಾಕುತ್ತಿದ್ದೆ.

ನಮ್ಮಂಥ ಮುಸ್ಲಿಂ ಮನೆಗಳಲ್ಲಿ ೭೮೬ ಅಂದರೆ ಬರೀ ಅಂಕಿಯಲ್ಲ. ಬಿಸ್ಮಿಲ್ಲಾದ ಅಕ್ಷರಗಳಿಗೆ ಒಂದೊಂದು ಬೆಲೆ ಹಿಡಿದು ಕೂಡಿಸಿದರೆ ಬರುವ ಮೊತ್ತ ಅದು. ಗಜೇಂದ್ರಗಡದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಅಬ್ಬಾ, ಆ ಅಂಕಿಯಿರುವ ನೋಟು ಬಂದರೆ ಉಪವಾಸವಿದ್ದರೂ ಮುರಿಸುತ್ತಿರಲಿಲ್ಲ.

ತಂಗಿಗೆ ಜ್ವರ ಬಿಡದೆ, ರೋಣದ ದವಾಖಾನೆಗೆ ಹೊರಟಿದ್ದೆವು. ಕಂಡಕ್ಟರ್ ಹರಿದುಕೊಟ್ಟ ಟಿಕೀಟುಗಳಲ್ಲಿ ಒಂದರ ಮೇಲೆ ೭೮೬೭೮೬ ಅಂತಿತ್ತು. ಅಬ್ಬಾ ಅದನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿನಲ್ಲಿಟ್ಟ. "ಇನ್ನ ಏನೂ ಆಗಂಗಿಲ್ಲ" ಅಂದ.

ನಾನಾಗ ಕಾಲೇಜಿನಲ್ಲಿ ಗಣಿತ ಓದುತ್ತಿದ್ದೆ. ತಂಗಿ ಜ್ವರದ ಮಂಪರಿನಲ್ಲಿ ಕಣ್ಣು ಮುಚ್ಚದಿರಲಿ ಅಂತ, "ಇದನ್ನ ಏಳರಿಂದ ಭಾಗಿಸು" ಅಂದೆ. ಮನೆಯ ಮಾತು ಉರ್ದುವಾದರೂ ಲೆಕ್ಕ ನಮಗೆ ಕನ್ನಡದಲ್ಲೇ ಬರುತ್ತಿತ್ತು. ಅವಳು ಕಿಟಕಿಯ ಧೂಳಿನ ಮೇಲೆ ಬೆರಳಾಡಿಸಿ ೧೧೨೩೯೮ ಬರೆದಳು. ಹನ್ನೊಂದರಿಂದ ಭಾಗಿಸಿದಾಗ ೧೦೨೧೮. ಹದಿಮೂರರಿಂದ ಭಾಗಿಸಿದರೆ ಮತ್ತೆ ೭೮೬!

"ಶೇಷ ಏನೂ ಉಳೀಲಿಲ್ಲ, ಆಪಾ!" ಅಂತ ಅಕ್ಕನಾದ ನನ್ನತ್ತ ತಿರುಗಿದಳು.

"ಯಾವ ಮೂರು ಅಂಕಿ ಎರಡು ಸಲ ಬರದರೂ ಹಿಂಗ ಆಗತೈತಿ. ಏಳು, ಹನ್ನೊಂದು, ಹದಿಮೂರು ಗುಣಿಸಿದ್ರ ಸಾವಿರದೊಂದು ಬರತೈತಿ. ಯಾವ ಮೂರು ಅಂಕಿನ್ನ ಸಾವಿರದೊಂದರಿಂದ ಗುಣಿಸಿದ್ರೂ ಅದೇ ಎರಡು ಸಲ ಬರತೈತಿ, ಅದಕ್ಕ."

ಮುಂದಿನ ಸೀಟಿನಿಂದ ಅಬ್ಬಾ ತಿರುಗಿದ. "ಆ ನಂಬರ್ ಜೋಡಿ ಆಟ ಬ್ಯಾಡ."

ರೋಣದ ಡಾಕ್ಟರು ಇಂಜೆಕ್ಷನ್ ಕೊಟ್ಟು, "ಇಲ್ಲಿ ಆಗಂಗಿಲ್ರಿ, ಈಗಿಂದೀಗ ಗದಗಕ್ಕ ಕರಕೊಂಡ ಹೋಗ್ರಿ" ಅಂದರು. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಇಂಜೆಕ್ಷನ್ನಿಗೆ ಅವಳ ಜ್ವರ ಇಳಿದಿತ್ತು. ಚುರಮುರಿ ಬೇಕು ಅಂದಳು. ಗದಗದ ಬಸ್ಸು ಎದುರಿಗೇ ನಿಂತಿತ್ತು. ಅಬ್ಬಾ ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. "ಗುಣ ಕಾಣಾಕತ್ತೈತಿ. ನಾಳೆ ಹೋಗೂಣು."

"ಡಾಕ್ಟರ್ ಈಗ ಅಂದಾರ, ಅಬ್ಬಾ."

"ಡಾಕ್ಟರಕಿಂತ ದೊಡ್ಡಾಂವ ಹೇಳ್ಯಾನ" ಅಂದ. ನಾವು ಗಜೇಂದ್ರಗಡದ ಬಸ್ಸು ಹತ್ತಿದೆವು.

ಮರುದಿನ ಬೆಳಗಿನ ನಮಾಜಿನ ಕೂಗು ಕೇಳುವ ಮೊದಲೇ ತಂಗಿ ಹೋದಳು.

ಮನೆ ತುಂಬ ಜನ ಕೂತು ಅಳುತ್ತಿದ್ದಾಗ ನಾನು ಹಿತ್ತಲಿನಲ್ಲಿ ಕೂತು ಆ ಸಂಖ್ಯೆಯನ್ನು ಪೂರ್ತಿ ಒಡೆದೆ. ಎರಡು, ಮೂರು, ಏಳು, ಹನ್ನೊಂದು, ಹದಿಮೂರು, ನೂರಾ ಮೂವತ್ತೊಂದು. ಅದರೊಳಗೆ ಇದ್ದದ್ದು ಇಷ್ಟೇ. ಅಬ್ಬಾನಿಗೆ ಅವಳ ಮೇಲೆ ಜೀವವಿತ್ತು, ಅದು ನನಗೂ ಗೊತ್ತು. ಆದರೂ ಅವನ ಮೇಲಿನ ಸಿಟ್ಟು, ವರ್ಷಗಳ ನಂತರ ಅವನೂ ತೀರಿಕೊಂಡು ಮಣ್ಣಾದ ಮೇಲೂ ಇಳಿಯಲಿಲ್ಲ.

ಈಗ ನರಗುಂದದಲ್ಲಿ ಗಣಿತ ಕಲಿಸುತ್ತೇನೆ. ಒಮ್ಮೆ ಮಕ್ಕಳಿಗೆ ಇದೇ ಲೆಕ್ಕ ಹೇಳಿ, ನಿಮಗೆ ಬೇಕಾದ ಮೂರು ಅಂಕಿ ತಗೊಳ್ಳಿ ಅಂದೆ. ಮುಂದಿನ ಬೆಂಚಿನ ಹುಡುಗಿ ೭೮೫೭೮೫ ಬರೆದುಕೊಂಡು ಭಾಗಿಸಿದಳು.

"ಶೇಷ ಇಲ್ರಿ ಟೀಚರ್."

ಹೌದು, ಅದಕ್ಕೂ ಉಳಿಯುವುದಿಲ್ಲ. ಅವತ್ತು ಟಿಕೀಟಿನ ಮೇಲೆ ಈ ಸಂಖ್ಯೆ ಇದ್ದಿದ್ದರೆ ಅಬ್ಬಾ ಗದಗದ ಬಸ್ಸು ಹತ್ತುತ್ತಿದ್ದ.