ಅಗರಬತ್ತಿಯ ಹೊಗೆಗೆ ದಾರಿ ಹಾಕಿದವಳು

ಭಾನುವಾರ ಬೆಳಿಗ್ಗೆ ಇಡ್ಲಿ ತಟ್ಟೆಗೆ ಹಿಟ್ಟು ಹೊಯ್ಯುತ್ತಿದ್ದೆ. ಕಾಲಿಂಗ್ ಬೆಲ್ ಆಯಿತು. ಬಾಗಿಲು ತೆರೆದರೆ ಮಂಜುಳಾ! ಎಷ್ಟೋ ವರ್ಷಗಳ ಮೇಲೆ.

"ನಮ್ಮ ಹೊಗೆ ಇನ್ನೂ ನಿನ್ ಹತ್ರ ಇದೆಯೇನೇ?"

ಚೆನ್ನಾಗಿದೀಯಾ ಅಂತ ಕೇಳುವುದು ಬೇಡವೇ? ಬಂದದ್ದೇ ಹೊಗೆ! (ನನ್ನ ಗಂಡ ಪಾಪ, ಗ್ಯಾಸ್ ಆಫ್ ಮಾಡಲು ಅಡುಗೆಮನೆಗೆ ಓಡಿದರು.)

ವಿಷಯ ಹೇಳುತ್ತೇನೆ. ಹತ್ತು ವರ್ಷಗಳ ಹಿಂದೆ ನಾನೂ ಅವಳೂ ಒಂದೇ ಆನಿಮೇಷನ್ ಸ್ಟುಡಿಯೋದಲ್ಲಿದ್ದೆವು. ಬೊಮ್ಮನಹಳ್ಳಿ ದಾಟಿ, ಎಲೆಕ್ಟ್ರಾನಿಕ್ ಸಿಟಿಗೆ ಮುಂಚೆ, ಒಂದು ಟೈಲ್ಸ್ ಅಂಗಡಿಯ ಮೇಲೆ. ಎದುರಿನ ಹೊಸೂರು ರಸ್ತೆಯಲ್ಲಿ ಆಗ ಮೆಟ್ರೋ ಕೆಲಸ ನಡೆಯುತ್ತಿತ್ತು. ಹೊರಗೆ ಧೂಳು ಪುಕ್ಕಟೆ. ಒಳಗೆ ಕಂಪ್ಯೂಟರಿನಲ್ಲಿ ಧೂಳು, ಹೊಗೆ ಎಬ್ಬಿಸುವುದಕ್ಕೆ ನಮಗೆ ಸಂಬಳ!

ಈ ಹೊಗೆಯನ್ನು ಯಾರೂ ಕೈಯಲ್ಲಿ ಬಿಡಿಸುವುದಿಲ್ಲ. ಸಾವಿರಾರು ಕಣಗಳನ್ನು ಹೊರಬಿಡುತ್ತೇವೆ. ಅವು ಮನಸ್ಸಿಗೆ ಬಂದಂತೆ ಚೆದುರುತ್ತವೆ. ಒಂದೊಂದನ್ನೂ ಹಿಡಿದು ಎಳೆಯಲು ಆಗುತ್ತದೆಯೇ? ಅದಕ್ಕೇ ಗಾಳಿಯಲ್ಲಿ ಒಂದು ಗೆರೆ ಎಳೆದು, ಅದಕ್ಕೆ ಸೆಳೆಯುವ ಶಕ್ತಿ ಕೊಡುತ್ತೇವೆ. ಕಣಗಳು ಆ ಗೆರೆಯ ಗುಂಟ ಹರಿಯುತ್ತವೆ. ನಾವು ಅದನ್ನು ಪಾತ್ ಅನ್ನುತ್ತಿದ್ದೆವು. ನೋಡುವವರಿಗೆ ಹೊಗೆ ಮಾತ್ರ ಕಾಣುತ್ತದೆ, ಪಾತ್ ಕಾಣುವುದಿಲ್ಲ. ಶಕ್ತಿ ಜಾಸ್ತಿಯಾದರೆ ಹೊಗೆ ಪೈಪಿನೊಳಗೆ ಹೋದಂತೆ ಕಾಣುತ್ತದೆ. ಕಡಿಮೆಯಾದರೆ ದಾರಿ ಬಿಡುತ್ತದೆ.

ಮಂಜುಳಾಗೆ ಸಿಕ್ಕ ಮೊದಲ ದೊಡ್ಡ ಕೆಲಸ ಒಂದು ಅಗರಬತ್ತಿ ಜಾಹೀರಾತು. ದೇವರ ಮನೆಯಿಂದ ಹೊರಟ ಹೊಗೆ ಅಜ್ಜಿಯ ಕೆನ್ನೆ ಸವರಿ, ಕಿಟಕಿ ದಾಟಿ ಬೀದಿಗೆ ಹೋಗಬೇಕು. ಅವಳು ಮಾಡಿದಳು. ನಾವೆಲ್ಲ ಸುತ್ತ ನಿಂತು ನೋಡಿದೆವು. ಹೊಗೆ ಅಜ್ಜಿಯ ಹತ್ತಿರ ಹೋಯಿತು, ಕಿಟಕಿಯವರೆಗೂ ಹೋಯಿತು, ಆಮೇಲೆ ತಿರುಗಿ ಅಗರಬತ್ತಿಗೇ ಬಂತು. ಮತ್ತೆ ಹೊರಟಿತು. ಮತ್ತೆ ಬಂತು!

"ಏನಮ್ಮಾ ಇದು? ಮೆಜೆಸ್ಟಿಕ್‌ಗೆ ಹೋಗಿ ಡಿಪೋಗೆ ವಾಪಸ್ ಬರ್ತಿದೆಯಲ್ಲ?" ಅಂದರು ನಮ್ಮ ಸೂಪರ್‌ವೈಸರ್ ಸುರೇಶ್ ಸಾರ್.

ಆಗಿದ್ದೇನು ಗೊತ್ತೇ? ಮಂಜುಳಾ ಆನೇಕಲ್ ಕಡೆಯವಳು. ದಿನಾ ಬೆಳಿಗ್ಗೆ ಬಾಗಿಲಿಗೆ ಎಳೆ ರಂಗೋಲಿ ಹಾಕಿಯೇ ಬಸ್ ಹತ್ತುತ್ತಿದ್ದಳು. ಗೆರೆಯ ಕೊನೆಯನ್ನು ಮೊದಲಿಗೆ ಕೂಡಿಸದೆ ಬಿಟ್ಟರೆ ಅವರಜ್ಜಿ ಬೈಯುತ್ತಿದ್ದರಂತೆ. ಅದೇ ಕೈ ಇಲ್ಲೂ ಪಾತ್‌ನ ಎರಡು ತುದಿಗಳನ್ನು ಜೋಡಿಸಿಬಿಟ್ಟಿತ್ತು. ಪಾಪ ಹೊಗೆ, ಹೊರಗೆ ಹೋಗುವುದಾದರೂ ಹೇಗೆ?

"ಸಾರಿ ಸಾರ್, ಕೈ ತಾನಾಗೇ ಸೇರಿಸ್ಬಿಡ್ತು" ಅಂದಳು. ಇಡೀ ಸ್ಟುಡಿಯೋ ನಕ್ಕಿತು. ಅವಳೂ ನಕ್ಕಳು.

ಅದನ್ನು ಸರಿ ಮಾಡಿಕೊಟ್ಟಳು, ಜಾಹೀರಾತು ಟೀವಿಯಲ್ಲೂ ಬಂತು. ಆದರೆ ನಮಗೆ ಪ್ರೀತಿ ಆ ತಪ್ಪು ಹೊಗೆಯ ಮೇಲೆ. ಊಟದ ಹೊತ್ತಿಗೆ ಅವಳ ಡಬ್ಬಿಯ ಅವರೆಕಾಳು ಉಪ್ಪಿಟ್ಟಿಗೆ ಎಲ್ಲರೂ ಕೈ ಹಾಕುತ್ತಾ, ಅದು ಸುತ್ತುವುದನ್ನು ಹಾಕಿಕೊಂಡು ನೋಡುತ್ತಿದ್ದೆವು. ಎಂಥಾ ದಿನಗಳವು!

ಆಮೇಲೆ ಸ್ಟುಡಿಯೋ ಮುಚ್ಚಿತು. ಮಂಜುಳಾಗೆ ಮದುವೆ, ಮಗು, ಹಾಸಿಗೆ ಹಿಡಿದ ಮಾವ. ಕೆಲಸ ಅಲ್ಲಿಗೇ ನಿಂತಿತು. ಈಗ ಮಗಳು ಸ್ಕೂಲಿಗೆ ಹೋಗುತ್ತಾಳೆ. ಇವಳಿಗೆ ಸೋಮವಾರ ವೈಟ್‌ಫೀಲ್ಡ್‌ನಲ್ಲಿ ಇಂಟರ್‌ವ್ಯೂ. ಹಿಂದೆ ಮಾಡಿದ ಕೆಲಸ ತಂದು ತೋರಿಸಿ ಅಂದಿದ್ದಾರೆ. ತೋರಿಸಲು ಆ ಹೊಗೆ ಬಿಟ್ಟರೆ ಅವಳ ಬಳಿ ಏನೂ ಇಲ್ಲ.

ಸ್ಟುಡಿಯೋ ಮುಚ್ಚುವಾಗ ನಾನು ಕೊಂಡಿದ್ದ ಅಲ್ಲಿನ ಹಳೇ ಕಂಪ್ಯೂಟರ್ ಒಂದು ನಮ್ಮ ಅಟ್ಟದಲ್ಲಿತ್ತು. ಇಳಿಸಿದೆವು. ಗೊರಗೊರ ಅಂದು ಅದೂ ಎದ್ದಿತು. ಹುಡುಕಿದರೆ ಸಿಕ್ಕಿದ್ದು ಒಂದೇ ಫೈಲ್. ಯಾವುದು ಹೇಳಿ? ನಾವು ನಗಲಿಕ್ಕೆಂದು ಎತ್ತಿಟ್ಟುಕೊಂಡಿದ್ದ ಆ ತಪ್ಪು ಹೊಗೆ!

ಮಂಜುಳಾಳ ಮುಖ ಸಣ್ಣದಾಯಿತು. "ತಾ, ನಾನೇ ಸರಿ ಮಾಡಿ ಕೊಡ್ತೀನಿ" ಅಂದೆ.

"ಸುಮ್ನಿರೇ. ಮುಟ್ಬೇಡ."

ಕೂತಳು. ಯಾವ ಬಟನ್ ಎಲ್ಲಿದೆ ಅಂತ ಮೊದಮೊದಲು ತಡಕಾಡಿದಳು. ನನಗೆ ನೋಡಲಾಗಲಿಲ್ಲ, ಟೀ ಮಾಡುವ ನೆಪದಲ್ಲಿ ಎದ್ದು ಹೋದೆ. ಬರುವ ಹೊತ್ತಿಗೆ ಕೂಡಿದ ತುದಿಯನ್ನು ಬಿಡಿಸಿದ್ದಳು. ಈಗ ಹೊಗೆ ಬಸ್ ತಪ್ಪಿದವರ ಹಾಗೆ ಕಿಟಕಿಯಿಂದಾಚೆ ಓಡಿತು. ಶಕ್ತಿ ಸ್ವಲ್ಪ ಇಳಿಸಿದಳು. ನೋಡಿದಳು. ಇನ್ನೊಂಚೂರು ಇಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಹೊಗೆ ಅಜ್ಜಿಯ ಕೆನ್ನೆಯ ಬಳಿ ಚೂರು ತಡೆದು, ಸಡಿಲವಾಗಿ, ಯಾವ ಅವಸರವೂ ಇಲ್ಲದೆ ಬೀದಿಗೆ ಇಳಿಯಿತು. ಹತ್ತು ವರ್ಷದ ಹಿಂದಿನದಕ್ಕಿಂತ ಇದೇ ಚೆನ್ನಾಗಿತ್ತು, ಸತ್ಯವಾಗಿ. ಅವಳು ಮೂಗು ಒರೆಸಿಕೊಂಡಳು. ನಾನೂ ಅಷ್ಟೇ. ಬೆಳಗಿನ ಇಡ್ಲಿ ಕಲ್ಲಾಗಿತ್ತು, ಇಬ್ಬರೂ ಅದನ್ನೇ ತಿಂದೆವು.

ಸೋಮವಾರ ಸಂಜೆ ಬಸ್ಸಿನಿಂದಲೇ ಫೋನ್ ಮಾಡಿದಳು. "ಕೆಲಸ ಸಿಕ್ತು ಕಣೇ! ಇದನ್ನ ಯಾರು ಮಾಡಿದ್ದು ಅಂತ ಎರಡೆರಡು ಸಲ ಕೇಳಿದ್ರು. ನಾನೇ ಅಂದೆ. ಆದ್ರೆ ಮಧ್ಯ ಗ್ಯಾಪ್ ಇದೆಯಲ್ಲ, ಅದಕ್ಕೆ ಅನುಭವ ಇಲ್ಲದ ಹೊಸಬಳು, ಫ್ರೆಶರ್ ಅಂತ ತಗೊಂಡಿದಾರೆ."

"ಫ್ರೆಶರ್ರಾ? ನೀನಾ?"

"ಬಿಡೇ, ವಯಸ್ಸಾದ್ರೂ ಕಡಿಮೆ ಆಯ್ತಲ್ಲ!"

ಅವಳು ನಕ್ಕಳು. ನನಗೆ ನಗು ಬರಲಿಲ್ಲ, ಮೈ ಉರಿಯಿತು. ಮನೆ ನೋಡಿಕೊಂಡ ವರ್ಷಗಳಲ್ಲಿ ಹೆಂಗಸು ಕಲಿತದ್ದೆಲ್ಲ ಅಳಿಸಿ ಹೋಗುತ್ತದೆ ಅಂತ ಇವರಿಗೆ ಹೇಳಿದವರು ಯಾರು?

ಸರಿ ಸ್ವಾಮಿ, ಇವಳು ಫ್ರೆಶರ್ ಅಂತಲೇ ಇಟ್ಟುಕೊಳ್ಳೋಣ, ನಾಳೆ ಇವಳ ಪಕ್ಕ ಕುರ್ಚಿ ಎಳೆದುಕೊಂಡು ಕಲಿಯಲು ಕೂರುವ ನಿಮ್ಮ ಸೀನಿಯರ್‌ಗಳನ್ನು ಏನೆಂದು ಕರೆಯುತ್ತೀರಿ?