ಕುಂತ ಸ್ಪ್ರಿಂಗ್, ಕುಂದ್ರಿಸಿದ ಸ್ಪ್ರಿಂಗ್

ಗೆಳೆಯರೇ, ಇವತ್ತು ನನ್ನ ಕಾರು ಗೆದ್ದಿತು.

ಶಾಕ್ ಅಬ್ಸಾರ್ಬರ್ ಕಂಪನಿಯದೇ ಉಳಿಸಿ, ಗಿಡ್ಡ ಸ್ಪ್ರಿಂಗ್ ಮಾತ್ರ ಹಾಕಿಸಿ, ಚೆಂದ ಕಾಣಲೆಂದು ನೆಲದ ಕಡೆಗೆ ಎರಡು ಬೆರಳಿನಷ್ಟು ಇಳಿಸಿದ ಕಾರನ್ನು ಬೆಳಿಗ್ಗೆ ಗ್ಯಾರೇಜಿನಿಂದ ಸತ್ಯನಾರಾಯಣಪೇಟೆಯ ಮನೆಗೆ ತಂದೆ. ಅಜ್ಜಿಯನ್ನು ಹಲಕುಂದಿ ಮಠಕ್ಕೆ ಕರೆದೊಯ್ಯಬೇಕಿತ್ತು. ಜೊತೆಗೆ ಬರಲೆಂದು ಕುರುಗೋಡಿನಿಂದ ಬಂದಿದ್ದ ಸೋದರಮಾವ ಬಗ್ಗಿ ಚಕ್ರ ನೋಡಿದರು.

“ಲೇ, ಸ್ಪ್ರಿಂಗ್ ಕುಂತಾವಲ್ಲೋ. ಹಳೇ ಮಾಲು ಹಾಕಿ ಕಳಿಸ್ಯಾರ ನಿನಗ.”

ನಮ್ಮ ಕಡೆ ಸ್ಪ್ರಿಂಗ್ ‘ಕುಂತಾವ’ ಎಂದರೆ ಸೋತು ಹೋಗಿವೆ ಎಂದೇ ಅರ್ಥ.

“ಅವು ಕುಂತಿಲ್ರಿ ಮಾವ, ನಾನ ಕುಂದ್ರಿಸೀನಿ.”

“ಬೇಕಂತ ಕುಂದ್ರಿಸಿಯೇನು? ಹಂಪ್ ಬಂದ್ರ ತಳ ಕೆರೀತೈತಿ. ನಾ ಇದರಾಗ ಬರಾಂಗಿಲ್ಲ, ಆಟೋ ಕರಿ.”

ಅಷ್ಟರಲ್ಲಿ ಅಜ್ಜಿ ಹೊರಬಂದರು. ಅವರದು ಗಿಡ್ಡ ದೇಹ. ಈ ಕಾರು ಹತ್ತಲು ಅವರಿಗೆ ಇದುವರೆಗೆ ಯಾವಾಗಲೂ ಸ್ಟೂಲು ಬೇಕಾಗುತ್ತಿತ್ತು. ನಾನು ಅದನ್ನು ತರುವಷ್ಟರಲ್ಲಿ ಅವರೇ ಮುಂದಿನ ಬಾಗಿಲು ತೆಗೆದು, ಸೀಟಿಗೆ ಬೆನ್ನು ಮಾಡಿ, ಆರಾಮಾಗಿ ಕೂತೇಬಿಟ್ಟಿದ್ದರು.

“ಕಾರ ಕುಂತೈತಿ, ನಾನೂ ಕುಂತೀನಿ. ನೀ ಒಬ್ಬನ ಯಾಕ ನಿಂತಿ?” ಎಂದು ತಮ್ಮ ಮಗನನ್ನು, ಅಂದರೆ ಮಾವನನ್ನು, ಕೇಳಿದರು.

ಮಾವ ಹಿಂದೆ ಹತ್ತಿ ಕೂತರು. ಓಣಿಯ ಕೊನೆಯ ಹಂಪನ್ನು ನಿಧಾನವಾಗಿ, ಓರೆಯಾಗಿ ದಾಟಿಸಿದೆ. ತಳ ತಾಗಲಿಲ್ಲ, ಸದ್ದೂ ಆಗಲಿಲ್ಲ. ಗೆದ್ದ ಮುಖದಲ್ಲಿ ಕನ್ನಡಿ ನೋಡಿದರೆ, ಮಾವ ಎರಡೂ ಕಾಲು ಸೀಟಿನ ಮೇಲೆ ಎತ್ತಿಕೊಂಡಿದ್ದರು.

ನಾನು ಕಾರು ಇಳಿಸಿದ್ದೆ. ಅವರು ಹಲಕುಂದಿ ಬರುವವರೆಗೂ ಕಾಲು ಇಳಿಸಲಿಲ್ಲ.