ಕೂಸು ಸುಮ್ಮನಾದ ಮಧ್ಯಾಹ್ನ

“ಯಾರು ಹೋದ್ರವ್ವಾ?”

ಮಟಮಟ ಮಧ್ಯಾಹ್ನ, ಮುಂಡಗೋಡ ಹತ್ತಿರದ ಇಂದೂರಿನಲ್ಲಿರುವ ನನ್ನ ತಂಗಿ ಶಾಂತಾಳ ಮನೆ ಬಾಗಿಲಲ್ಲಿ ನಿಂತು ಪಕ್ಕದ ಮನೆಯ ಮಲ್ಲವ್ವ ಕೇಳಿದ್ದು ಹೀಗೆ. ಸೆರಗು ಬಾಯಿಗೊತ್ತಿಕೊಂಡಿದ್ದಳು. ಚಪ್ಪಲಿ ದೂರದಲ್ಲೇ ಬಿಟ್ಟು ಬಂದಿದ್ದಳು. ಹೊಸ್ತಿಲೊಳಗೆ ಕಾಲಿಡಲಿಲ್ಲ.

ಯಾರೂ ಹೋಗಿರಲಿಲ್ಲ. ಬರಬೇಕಾದವರು ಬಂದಿರಲಿಲ್ಲ, ಅಷ್ಟೇ.

ಆದರೆ ಮಲ್ಲವ್ವನದೇನು ತಪ್ಪು? ಅವಳಿಗೆ ಕಂಡದ್ದು ಮುಂಬಾಗಿಲಿನಿಂದ ಹಿತ್ತಲವರೆಗೂ ತೆರೆದು ಬಿದ್ದ ಮನೆ. ಪಡಸಾಲೆಯಲ್ಲಿ ಕೂದಲು ಬಿಚ್ಚಿಕೊಂಡು ಮಾತಿಲ್ಲದೆ ಕೂತ ಹೆಂಗಸರು. ಅವರಲ್ಲಿ ನಾನೂ ಒಬ್ಬಳು. (ಡೈ ಮಾಸಿದ ನನ್ನ ಕೂದಲು ಬಿಟ್ಟುಕೊಂಡರೆ ಕನ್ನಡಿ ಮುಂದೆ ನಾನೇ ಹೆದರುತ್ತೇನೆ. ಮಲ್ಲವ್ವನ ಪಾಡೇನು?)

ವಿಷಯ ಇಷ್ಟು. ಶಾಂತಾಳ ಮಗಳು ಪೂರ್ಣಿಮಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಡಾಕ್ಟರು ಕೊಟ್ಟ ಡೇಟ್ ದಾಟಿದೆ. ನೋವಿನ ಸುಳಿವಿಲ್ಲ. ಇನ್ನು ಸ್ವಲ್ಪ ಕಾಯೋಣ, ಏನಾದರೂ ಬದಲಾವಣೆ ಕಂಡರೆ ತಕ್ಷಣ ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಗಾಬರಿಯಾಗಬೇಡಿ ಅಂತಲೂ ಹೇಳಿದ್ದರು. ಹಾಗೆ ಹೇಳಿದರೆ ಕೇಳುವ ಪೈಕಿಯೇ ನಾವು?

ಹಳಿಯಾಳದಿಂದ ಅಳಿಯನ ಫೋನ್ ಮೇಲೆ ಫೋನ್. “ಆತೇನ್ರಿ?” ಅವನದು ಮುಗಿದರೆ ಅವನ ತಾಯಿಯದು. ಹೆರಿಗೆ ಅಂದರೇನು ರೊಟ್ಟಿಯೇ, ಹೊತ್ತಿಗೆ ಸರಿಯಾಗಿ ತಟ್ಟಿ ಹಂಚಿಗೆ ಹಾಕಲು?

ಜೊತೆಗೆ ಪುಕ್ಕಟೆ ಸಲಹೆಗಳು. ಮಳಗಿ ಊರಿನ ನೆಂಟರು ಉತ್ತತ್ತಿ ತಿನ್ನಿಸಿ ಅಂದರು. ಎದುರು ಮನೆಯವಳು ಕುಕ್ಕರಗಾಲಲ್ಲಿ ಕೂತು ಕಸ ಗುಡಿಸಲಿ ಅಂದಳು. ಯೂಟ್ಯೂಬ್ ಅನಾನಸ್ ಅಂದಿತು. ಕೆರೆ ಏರಿಯ ಮೇಲೆ ಬೆಳಿಗ್ಗೆ ಸಂಜೆ ವಾಕಿಂಗ್ ಆಯಿತು. ಇನ್ಯಾರೋ ಔಡಲೆಣ್ಣೆ ಕುಡಿಸಿ ಅಂದದ್ದನ್ನು ಮಾತ್ರ ಪೂರ್ಣಿಮಾ ಮುಟ್ಟಲಿಲ್ಲ. ಡಾಕ್ಟರು ಬೇಡ ಅಂದಿದ್ದರಂತೆ. (ಬುದ್ಧಿವಂತೆ. ಅದನ್ನು ಕುಡಿದರೆ ಕೂಸು ಬರುವುದು ಗ್ಯಾರಂಟಿ ಇಲ್ಲ, ಭೇದಿ ಮಾತ್ರ ಗ್ಯಾರಂಟಿ.)

ನಡೆದರೆ ಒಳ್ಳೆಯದೇ. ಉತ್ತತ್ತಿ ತಿಂದರೂ ಒಳ್ಳೆಯದೇ. ನೋವು ಬಂದರೆ ಬಂತು, ಇಲ್ಲವಾದರೆ ಬಾಯಿ ಸಿಹಿಯಾಯಿತು.

ಯಾವುದಕ್ಕೂ ಜಗ್ಗದಿದ್ದಾಗ ಶಾಂತಾಳ ಅತ್ತೆ ನಿಂಗವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. ನಾನು ದಾಂಡೇಲಿಯಿಂದ ಬಸ್ಸು ಹಿಡಿದು ಆ ಮನೆ ಮುಟ್ಟಿದ್ದೂ ಆಗಲೇ.

“ಮನ್ಯಾಗ ಒಂದೂ ಗಂಟ ಇರಬಾರದು. ಕಟ್ಟಿದ್ದೆಲ್ಲಾ ಬಿಚ್ರಿ, ಮುಚ್ಚಿದ್ದೆಲ್ಲಾ ತಗೀರಿ. ಕೂಸಿಗೆ ದಾರಿ ಆಕ್ಕೇತಿ.”

ಇದು ಹಳೆಯ ಪದ್ಧತಿ. ನನಗೆ ನಗು ಬಂತು, ಚೆಂದವೂ ಅನಿಸಿತು. ಯಾರಿಗೇನು ನಷ್ಟ? ಎಲ್ಲರೂ ಕೈಹಚ್ಚಿದೆವು. ಟ್ರಂಕು, ತಿಜೋರಿ, ಕಿಟಕಿ, ಉಪ್ಪಿನಕಾಯಿ ಭರಣಿ, ಹಿಟ್ಟಿನ ಡಬ್ಬಿ, ಹಳೇ ಅರಿವೆಯ ಗಂಟು. ಆಮೇಲೆ ನಮ್ಮ ನಮ್ಮ ಜಡೆ. ಕೊನೆಗೆ ಹಿತ್ತಲಲ್ಲಿ ಕಟ್ಟಿದ್ದ ಆಕಳನ್ನೂ ಬಿಚ್ಚಿದೆವು.

ಆಕಳು ಎಲ್ಲಿಗೂ ಹೋಗಲಿಲ್ಲ. ಇದ್ದಲ್ಲೇ ನಿಂತು ನಮ್ಮನ್ನೇ ನೋಡುತ್ತಿತ್ತು.

ಮಾಡುವ ಕೆಲಸ ಮುಗಿದು ಕೂತಾಗ ಸುತ್ತ ನೋಡಿದೆ. ಒಂದೆಲೆ ಅಲುಗುವಷ್ಟೂ ಗಾಳಿಯಿಲ್ಲ. ಬಾಯ್ದೆರೆದ ಡಬ್ಬಿಗಳು, ಬಾಯ್ದೆರೆದ ಟ್ರಂಕುಗಳು. ವರ್ಷಗಟ್ಟಲೆ ಬಂದು ಹೋದ ಮನೆ, ಯಾರೋ ಬಿಟ್ಟು ಹೋದ ಮನೆಯಂತೆ ಕಂಡಿತು. ಖರೆ ಹೇಳುತ್ತೇನೆ, ಆ ಹಾಡುಹಗಲಲ್ಲಿ ನನಗೆ ಹೆದರಿಕೆಯಾಯಿತು. ಮಲ್ಲವ್ವ ಬಂದು ಆ ಮಾತು ಕೇಳಿದ್ದು ಆ ಗಳಿಗೆಯಲ್ಲೇ.

“ಥೂ, ಎಂಥಾ ಮಾತು ಆಡ್ತೀಯವ್ವಾ,” ಶಾಂತಾ ಗದರಿದಳು. ಮಲ್ಲವ್ವ ನಾಲಿಗೆ ಕಚ್ಚಿಕೊಂಡಳು.

ಪೂರ್ಣಿಮಾ ಇಬ್ಬರನ್ನೂ ನೋಡಲಿಲ್ಲ. ಗೋಡೆಗೊರಗಿ ತನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು.

“ದೊಡ್ಡವ್ವಾ,” ಅಂದಳು ನನಗೆ. “ಸುಮ್ಮನ ಐತಿ.”

“ಯಾರು?”

“ಕೂಸು. ಮುಂಜಾನಿಂದ ಒದ್ದಿಲ್ಲ.”

“ಮತ್ತ ಯಾರಿಗೂ ಹೇಳಲಿಲ್ಲೇನ?”

“ಅಜ್ಜಿಗೆ ಹೇಳೀನಿ.”

“ಹೌದು, ಹೇಳ್ಯಾಳ,” ಅಂದಳು ನಿಂಗವ್ವ. “ಕೂಸು ಸುಮ್ಮನಾತಂದ್ರ ಕೆಳಗ ಇಳಿಯಾಕತ್ತೈತಿ ಅಂತ. ಛಲೋನ ಆತು. ನಮ್ಮತ್ತಿ ಹಂಗ ಅಂತಿದ್ಲು.”

ನಾನು ಪೂರ್ಣಿಮಾಳ ಹೊಟ್ಟೆಯ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಮೆಲ್ಲಗೆ ಒತ್ತಿದೆ. ಕಾದೆ. ಒಳಗಿನಿಂದ ಯಾರೂ ಉತ್ತರ ಕೊಡಲಿಲ್ಲ.

“ಏಳವ್ವಾ, ಹೋಗೂಣು,” ಅಂದೆ. ಮಲ್ಲವ್ವನೇ ಓಡಿಹೋಗಿ ಮಗನ ಕಾರು ಹೊರಡಿಸಿದಳು. ಬಾಗಿಲು ಮುಚ್ಚುವ ನೆನಪೂ ಯಾರಿಗೂ ಆಗಲಿಲ್ಲ.

ಮುಂಡಗೋಡ ಮುಟ್ಟುವವರೆಗೆ ಪೂರ್ಣಿಮಾಳ ಹೊಟ್ಟೆಯ ಮೇಲಿನ ಕೈ ನಾನು ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಹೊಟ್ಟೆಯ ಮೇಲೆ ಮೆಷಿನ್ ಇಟ್ಟು ಕೂಸಿನ ಎದೆಬಡಿತ ಹುಡುಕಿದಳು. ಖರಖರ ಸದ್ದು. ಜಾಗ ಬದಲಿಸಿದಳು. ಮತ್ತೆ ಖರಖರ. ಪೂರ್ಣಿಮಾ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

“ಸಿಕ್ತು,” ಅಂದಳು ನರ್ಸ್. ಬಡಿತವಿತ್ತು. ಆದರೆ ಬಹಳ ನಿಧಾನ.

ಡಾಕ್ಟರು ಓಡಿ ಬಂದರು. “ಕೂಸು ಕೊನೀ ಸಲ ಯಾವಾಗ ಒದ್ದಿತ್ತು?”

ಶಾಂತಾ ಉತ್ತತ್ತಿ, ಅನಾನಸ್, ಕೆರೆ ಏರಿ ಎಲ್ಲ ಒಪ್ಪಿಸಿದಳು.

“ಏನ ತಿಂದ್ಲು ಅಂತ ಕೇಳಲಿಲ್ರಿ,” ಅಂದರು ಡಾಕ್ಟರು. “ದಿನ ತುಂಬಿದ ಮ್ಯಾಲೂ ಕೂಸು ಒದಿಯೂದು ಕಮ್ಮಿ ಆಗಬಾರದು. ಕಮ್ಮಿ ಆತಂದ್ರ ಇದ್ದ ಕೆಲಸ ಬಿಟ್ಟು ಬರಬೇಕ್ರಿ.” ಅಷ್ಟು ಹೇಳಿ ಪೂರ್ಣಿಮಾಳನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದರು.

ನಾವು ಹೊರಗಿನ ಬೆಂಚಿನಲ್ಲಿ ಕೂತೆವು. ನಿಂಗವ್ವ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಯಾರೂ ಕೇಳದೆಯೇ ಮಾತಾಡಿದಳು.

“ನಂದೂ ಒಂದು ಹಿಂಗ ಸುಮ್ಮನಾಗಿತ್ತು. ಮೊದಲನೇದು. ಇಳಿಯಾಕತ್ತೈತಿ ಅಂದ್ರು.”

“ಆಮ್ಯಾಲ?”

“ಇಳೀತು. ಅಳಲಿಲ್ಲ, ಅಷ್ಟ.”

ನನಗೆ ಸಿಟ್ಟು ಬಂತು. “ಗೊತ್ತಿದ್ದೂ ಈಕಿಗೂ ಹಂಗ ಯಾಕ ಹೇಳಿದ್ರಿ ಅತ್ತಿ?”

ನಿಂಗವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. “ಮಾತು ತಪ್ಪು ಅಂತ ನನಗ್ಯಾರು ಹೇಳ್ಯಾರವ್ವಾ? ನನ್ನ ಹಣೇಬರಾ ತಪ್ಪು ಅಂದ್ರು.”

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವಳ ಕೈ ಹಿಡಿದುಕೊಂಡೆ.

ಒಳಗಿನಿಂದ ಸದ್ದೇ ಇಲ್ಲ. ಬಾಗಿಲು ತೆರೆಯಿತು, ಯಾರೋ ಓಡಿದರು, ಮತ್ತೆ ಮುಚ್ಚಿತು. ಆಮೇಲೆ ಸಣ್ಣದೊಂದು ದನಿ. ಬೆಕ್ಕಿನ ಮರಿಯಷ್ಟು. ಶಾಂತಾ ಬಿಕ್ಕಿ ಬಿಕ್ಕಿ ಅತ್ತಳು, ನಾನೂ ಅತ್ತೆ. ನಿಂಗವ್ವ ಮಾತ್ರ ಕಿವಿಗೊಟ್ಟು ಕೂತೇ ಇದ್ದಳು.

“ಅಳಾಕತ್ತೈತಿ, ಹೌದಲ್ಲೋ?” ಅಂತ ಕೇಳಿದಳು. ಮತ್ತೆ ಮತ್ತೆ ಕೇಳಿದಳು.

ಹೆಣ್ಣು ಕೂಸು. ತಾಯಿ, ಮಗಳು ಇಬ್ಬರೂ ಆರಾಮಾಗಿದ್ದಾರೆ. ಅಳಿಯನ ಫೋನ್ ಈಗಲೂ ನಿಂತಿಲ್ಲ, ಕೇಳುವ ಪ್ರಶ್ನೆ ಮಾತ್ರ ಬದಲಾಗಿದೆ. ದಾಂಡೇಲಿಗೆ ವಾಪಸು ಬರುವಾಗ ಬಸ್ಸಿನ ತುಂಬ ನನಗೆ ಆ ಒಂದು ಮಾತಿನದೇ ಯೋಚನೆ. ಕೂಸು ಸುಮ್ಮನಾದರೆ ಇಳಿಯುತ್ತಿದೆ ಅಂತ. ನಿಂಗವ್ವನಿಗೆ ಅದನ್ನು ಹೇಳಿದ್ದು ಅವಳ ಅತ್ತೆ. ಆ ಅತ್ತೆಗೆ ಅವಳ ಅತ್ತೆ ಹೇಳಿರಬೇಕು. ಹೀಗೆ ಬಂದ ಮಾತಿಗೆ ನಾವು ಹಿರಿಯರ ಅನುಭವ ಅನ್ನುತ್ತೇವೆ.

ಅದನ್ನು ಮೊಟ್ಟಮೊದಲು ಹೇಳಿದವಳ ಕೂಸು ಅತ್ತಿತ್ತೇ?